ಗಾಲ್ಫ್ ಕ್ಲಬ್ ಮೈದಾನದ ಎರಡು ಹೆಸರು

ನಾಸಿಕದಲ್ಲಿ ನೆಲೆಸಿರುವ ಕನ್ನಡಿಗರಿಗೆ ಗಾಲ್ಫ್ ಕ್ಲಬ್ ಮೈದಾನದ ಪರಿಚಯ ಮಾಡಿಕೊಡಬೇಕಾದುದೇನಿಲ್ಲ. ನಮ್ಮಲ್ಲಿ ನಿವೃತ್ತರಾದ ಹಿರಿಯರು ಮುಂಜಾನೆ ಅದರ ಸುತ್ತ ನಡೆಯುತ್ತಾರೆ. ಮಕ್ಕಳು ಅಲ್ಲಿ ಕ್ರಿಕೆಟ್ ಆಡುತ್ತಾರೆ. ಚುನಾವಣೆಯ ಕಾಲದಲ್ಲಿ ದೊಡ್ಡ ಸಭೆಗಳು ಅಲ್ಲೇ ಜರುಗುತ್ತವೆ. ರಿಕ್ಷಾದವನಿಗೆ 'ಗಾಲ್ಫ್ ಕ್ಲಬ್' ಎಂದರೆ ಸಾಕು, ಮರುಮಾತಿಲ್ಲದೆ ತಂದು ಇಳಿಸುತ್ತಾನೆ. ಆದರೆ ರಣಜಿ ಪಂದ್ಯದ ವರದಿಯಲ್ಲಿ ಅದೇ ಜಾಗದ ಹೆಸರು 'ಹುತಾತ್ಮ ಅನಂತ ಕಾನ್ಹೇರೆ ಮೈದಾನ' ಎಂದಿರುತ್ತದೆ. ಒಂದೇ ನೆಲ, ಎರಡು ಹೆಸರು. ಒಂದು ಆಟದ ನೆನಪು, ಇನ್ನೊಂದು ಮನುಷ್ಯನ ನೆನಪು. ಆ ಮನುಷ್ಯ ಯಾರು, ಅವನ ಹೆಸರು ಈ ಮೈದಾನಕ್ಕೆ ಬಂದುದರ ಹಿಂದೆ ಎಂಥ ಕಥೆಯಿದೆ ಎಂದು ನಮ್ಮ ಮಕ್ಕಳು ಕೇಳಿದರೆ ಉತ್ತರ ಹೇಳಬಲ್ಲ ತಂದೆತಾಯಿಗಳು ನಮ್ಮಲ್ಲಿ ಎಷ್ಟು ಮಂದಿ ಇದ್ದೇವೆ?

'ಅದು ಮರಾಠಿಗರ ಇತಿಹಾಸ, ನಮಗೇಕೆ?' ಎಂದು ಕೆಲವರಿಗೆ ಅನ್ನಿಸಬಹುದು. ಆ ಮಾತನ್ನು ಒಪ್ಪುವಂತಿಲ್ಲ. ನಾವು ಈ ಊರುಗಳಿಗೆ ಬಂದದ್ದು ಹೊಟ್ಟೆಪಾಡಿಗಾಗಿ ಇರಬಹುದು. 1964ರಲ್ಲಿ ನಾಸಿಕದ ಬಳಿಯ ಓಝರಿನಲ್ಲಿ ಹಿಂದೂಸ್ಥಾನ್ ವಿಮಾನ ಕಾರ್ಖಾನೆ ಆರಂಭವಾದ ಮೇಲೆ ಬೆಂಗಳೂರಿನಿಂದ ವರ್ಗವಾಗಿ ಬಂದವರುಂಟು. ನಾಸಿಕ ರೋಡಿನ ಸರಕಾರಿ ಮುದ್ರಣಾಲಯಗಳಿಗೆ ಸೇರಿದವರುಂಟು. ಸಂಭಾಜಿನಗರದ ಚಿಕಲ್‌ಠಾಣಾ, ವಾಳೂಜ್ ಕೈಗಾರಿಕಾ ಪ್ರದೇಶಗಳಿಗೆ ಬಂದವರುಂಟು. ಹೋಟೆಲು ಇಟ್ಟವರಂತೂ ಎರಡೂ ಕಡೆ ಉಂಟು. ಆದರೆ ನಮಗಿಂತ ಮೊದಲೇ ನಮ್ಮ ಸೀಮೆಗೂ ಈ ಊರುಗಳಿಗೂ ನಂಟು ಬೆಳೆದಿತ್ತು. ಬ್ರಿಟಿಷರ ಕಾಲದಲ್ಲಿ ನಾಸಿಕವು ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳೊಡನೆ ಒಂದೇ ಮುಂಬಯಿ ಇಲಾಖೆಯಲ್ಲಿತ್ತು. ಔರಂಗಾಬಾದ್ ಎಂದು ಹೆಸರಿದ್ದ ಸಂಭಾಜಿನಗರವು ಕಲಬುರ್ಗಿ, ಬೀದರ, ರಾಯಚೂರುಗಳೊಡನೆ ನಿಜಾಮನ ಸೂರಿನಡಿ ಇತ್ತು. 1956ರ ನವೆಂಬರ್ 1ರಂದು ಈ ಕೂಡುಕುಟುಂಬಗಳು ಬೇರೆಯಾದವು, ಅಷ್ಟೆ. ಕಾನ್ಹೇರೆಯ ಕಥೆ ಈ ಎರಡೂ ಊರುಗಳನ್ನು ಹೆಣೆಯುವ ಕಥೆಯಾದ್ದರಿಂದ, ಎರಡೂ ಕಡೆ ಹರಡಿಕೊಂಡಿರುವ ನಮ್ಮ ಕುಟುಂಬಗಳು ತಿಳಿದಿರಬೇಕಾದುದು.

ಮೊದಲು ಗಾಲ್ಫಿನ ವಿಚಾರ. ಬ್ರಿಟಿಷರು ಹೋದೆಡೆಗೆಲ್ಲ ಈ ಆಟವನ್ನು ಕೊಂಡೊಯ್ದರು. ಕಲ್ಕತ್ತೆಯಲ್ಲಿ 1829ರಲ್ಲಿ, ನಮ್ಮ ಬೆಂಗಳೂರಿನಲ್ಲಿ 1876ರಲ್ಲಿ ಅವರ ಗಾಲ್ಫ್ ಕ್ಲಬ್ಬುಗಳು ಹುಟ್ಟಿದವು. ತಂಪು ಹವೆಯ ನಾಸಿಕವೂ, ಪಕ್ಕದಲ್ಲಿ ದೇವಳಾಲಿಯ ದಂಡಿನ ಠಾಣ್ಯವೂ ಅವರಿಗೆ ಹಿಡಿಸಿದ ಜಾಗಗಳು. ಆಟ ಆಡುವವರು ಸಾಹೇಬರು, ಚೆಂಡು ಹೆಕ್ಕುವವರು ನಮ್ಮ ಹುಡುಗರು. ಆಳಿದವರು ಹೋದರು, ಆಟವೂ ಆ ನೆಲದಿಂದ ಹೋಯಿತು; ಜನರ ಬಾಯಲ್ಲಿ ಹೆಸರು ಮಾತ್ರ ಉಳಿಯಿತು.

ಈಗ ಅನಂತನ ಕಥೆ. ಅನಂತ ಲಕ್ಷ್ಮಣ ಕಾನ್ಹೇರೆ ರತ್ನಾಗಿರಿ ಜಿಲ್ಲೆಯ ಖೇಡ ತಾಲೂಕಿನ ಕುಟುಂಬದವನು. ಇಂಗ್ಲಿಷ್ ವಿದ್ಯಾಭ್ಯಾಸಕ್ಕೆಂದು ಔರಂಗಾಬಾದಿನಲ್ಲಿದ್ದ ಸೋದರಮಾವನ ಮನೆಗೆ ಬಂದನು. ಊರು ಬಿಟ್ಟು ಬಂಧುಗಳ ಆಸರೆಯಲ್ಲಿ ಓದಿದ ಹುಡುಗ ಎಂಬುದನ್ನು ನಾವು ಗಮನಿಸಬೇಕು. ಪರಸ್ಥಳದಲ್ಲಿ ಮಾವನ ಮನೆಯ ಪಡಸಾಲೆಯಲ್ಲಿ ಹಾಸಿಗೆ ಹಾಸಿಕೊಂಡು ಓದಿದವರು ನಮ್ಮಲ್ಲೂ ಕಡಮೆಯಿಲ್ಲ. ಅಲ್ಲಿದ್ದಾಗಲೇ ಅವನಿಗೆ ನಾಸಿಕದ ಗುಪ್ತ ಕ್ರಾಂತಿಕಾರಿ ಸಂಘದವರ ಸಂಪರ್ಕ ಉಂಟಾಯಿತು. ನಾಸಿಕ ಆಗ ಕುದಿಯುತ್ತಿದ್ದ ಊರು. ಸಾವರಕರ ಸೋದರರು ಕಟ್ಟಿದ 'ಮಿತ್ರಮೇಳ'ವು 1904ರಲ್ಲಿ 'ಅಭಿನವ ಭಾರತ'ವಾಗಿ ಬೆಳೆದಿತ್ತು. 1909ರ ಜೂನ್ ತಿಂಗಳಲ್ಲಿ ಅಣ್ಣನಾದ ಗಣೇಶ ದಾಮೋದರ ಸಾವರಕರರಿಗೆ, ದೇಶಭಕ್ತಿಯ ಪದ್ಯಗಳನ್ನು ಪ್ರಕಟಿಸಿದ ಕಾರಣಕ್ಕಾಗಿ, ಆಜೀವ ಕರಿನೀರಿನ ಶಿಕ್ಷೆಯಾಯಿತು. ಪದ್ಯ ಅಚ್ಚು ಮಾಡಿದವನಿಗೆ ಇಂಥ ಶಿಕ್ಷೆಯೇ ಎಂದು ತರುಣರ ರಕ್ತ ಕುದಿಯಿತು. ಆ ಮೊಕದ್ದಮೆಯನ್ನು ಮುಂದಕ್ಕೆ ಸಾಗಿಸಿದವರು ನಾಸಿಕದ ಕಲೆಕ್ಟರರಾಗಿದ್ದ ಆರ್ಥರ್ ಮೇಸನ್ ಟಿಪ್ಪೆಟ್ಸ್ ಜ್ಯಾಕ್ಸನ್. ತರುಣರ ಸಿಟ್ಟು ಅವರ ಮೇಲೆ ತಿರುಗಿತು.

ಇತಿಹಾಸ ಬರೆಯುವವರು ಇಲ್ಲಿ ಒಂದು ಕ್ಷಣ ನಿಲ್ಲಬೇಕಾಗುತ್ತದೆ. ಜ್ಯಾಕ್ಸನ್ ಸಾಹೇಬರು ಜನರನ್ನು ಹೊಡೆದು ಬಡಿದು ಹೆಸರು ಕೆಡಿಸಿಕೊಂಡ ಅಧಿಕಾರಿಯಲ್ಲ. ಅವರು ಸಂಸ್ಕೃತ ಬಲ್ಲವರು. ಜನರೊಡನೆ ಮರಾಠಿಯಲ್ಲಿಯೇ ಮಾತಾಡುತ್ತಿದ್ದರು. 'ಪಂಡಿತ ಜ್ಯಾಕ್ಸನ್' ಎಂದೇ ಅವರನ್ನು ಕರೆಯುತ್ತಿದ್ದರು. ಹಿಂದಿನ ಜನ್ಮದಲ್ಲಿ ತಾನು ವೇದ ಬಲ್ಲ ಬ್ರಾಹ್ಮಣನಾಗಿದ್ದೆ ಎಂದು ಅವರು ಹೇಳಿಕೊಳ್ಳುತ್ತಿದ್ದರೆಂದು ಪ್ರತೀತಿ. ಈ ದೇಶದ ಹಳೆಯ ಇತಿಹಾಸ, ಜನಪದರ ನಂಬಿಕೆ, ಹಬ್ಬ ಹರಿದಿನ, ಗ್ರಾಮದೇವತೆಗಳ ಬಗ್ಗೆ ಅವರಿಗೆ ನಿಜವಾದ ಕುತೂಹಲವಿತ್ತು. ಊರಿನ ಒಂದು ವರ್ಗಕ್ಕೆ ಅವರು ಪ್ರಿಯರಾಗಿದ್ದರು. ತರುಣರ ದೃಷ್ಟಿಯೇ ಬೇರೆ. ಸವಿಮಾತಾಡುತ್ತ ಸಂಕೋಲೆ ತೊಡಿಸುವವನು ಒರಟನಿಗಿಂತ ಹೆಚ್ಚು ಅಪಾಯಕಾರಿ ಎಂದು ಅವರು ಭಾವಿಸಿದರು. ಈ ಎರಡು ಅಭಿಪ್ರಾಯಗಳೂ ಅದೇ ಊರಿನಲ್ಲಿ, ಒಂದೇ ಬೀದಿಯಲ್ಲಿ ಇದ್ದವು.

ಜ್ಯಾಕ್ಸನ್ ಸಾಹೇಬರಿಗೆ ಬಡ್ತಿಯಾಗಿ ಮುಂಬಯಿಗೆ ವರ್ಗವಾಯಿತು. ಅಭಿಮಾನಿಗಳು ಬೀಳ್ಕೊಡುಗೆಗಾಗಿ ವಿಜಯಾನಂದ ನಾಟಕಗೃಹದಲ್ಲಿ 'ಶಾರದಾ' ಸಂಗೀತ ನಾಟಕವನ್ನು ಏರ್ಪಡಿಸಿದರು. ಈ ನಾಟಕದ ಮೂಲಕ ಕಥೆಗೆ ನಮ್ಮ ಸೀಮೆಯ ಎಳೆಯೊಂದು ಬಂದು ಸೇರುತ್ತದೆ. 'ಶಾರದಾ' ಬರೆದ ಗೋವಿಂದ ಬಲ್ಲಾಳ ದೇವಲರು ಅಣ್ಣಾಸಾಹೇಬ ಕಿರ್ಲೋಸ್ಕರರ ಶಿಷ್ಯರು. 1899ರಲ್ಲಿ ಅದನ್ನು ಮೊದಲು ರಂಗಕ್ಕೆ ತಂದದ್ದು ಕಿರ್ಲೋಸ್ಕರ ನಾಟಕ ಮಂಡಳಿ. ಅಣ್ಣಾಸಾಹೇಬರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಮುದುಕನಿಗೆ ಬಾಲೆಯನ್ನು ಕೊಡುವ ಕೆಟ್ಟ ರೂಢಿಯನ್ನು ಖಂಡಿಸಿದ ಈ ನಾಟಕವನ್ನು ಮರಾಠಿಗರು ತಲೆಮಾರುಗಟ್ಟಲೆ ಮೆಚ್ಚಿ ನೋಡಿದ್ದಾರೆ.

1909ರ ಡಿಸೆಂಬರ್ 21ರ ರಾತ್ರಿ. ಸಾಹೇಬರು ನಾಟಕಗೃಹದೊಳಕ್ಕೆ ಬರುತ್ತಿದ್ದಂತೆ ಅನಂತ ಕಾನ್ಹೇರೆ ಬ್ರೌನಿಂಗ್ ಪಿಸ್ತೂಲಿನಿಂದ ಗುಂಡು ಹಾರಿಸಿದನು. ಜ್ಯಾಕ್ಸನ್ ಸಾಹೇಬರು ಅಲ್ಲೇ ಅಸುನೀಗಿದರು. ಅನಂತನು ಸ್ಥಳದಲ್ಲೇ ಸೆರೆಸಿಕ್ಕಿದನು. ಅವನಿಗೆ ಆಗ ಹದಿನೆಂಟರ ಆಸುಪಾಸಿನ ವಯಸ್ಸು.

ವಿಚಾರಣೆ ಬೇಗನೆ ಮುಗಿಯಿತು. 1910ರ ಏಪ್ರಿಲ್ 19ರಂದು ಠಾಣೆಯ ಸೆರೆಮನೆಯಲ್ಲಿ ಅನಂತ ಕಾನ್ಹೇರೆ, ಕೃಷ್ಣಾಜಿ ಗೋಪಾಳ ಕರ್ವೆ, ವಿನಾಯಕ ನಾರಾಯಣ ದೇಶಪಾಂಡೆ ಈ ಮೂವರನ್ನೂ ಗಲ್ಲಿಗೇರಿಸಿದರು. ಇದರ ಬೆನ್ನಲ್ಲೇ ನಡೆದ ನಾಸಿಕ ಒಳಸಂಚಿನ ಮೊಕದ್ದಮೆಯಲ್ಲಿ ಲಂಡನ್ನಿನಿಂದ ಹಿಡಿದು ತಂದ ವಿನಾಯಕ ದಾಮೋದರ ಸಾವರಕರರಿಗೂ ಕರಿನೀರಿನ ಶಿಕ್ಷೆಯಾಯಿತು. ಆ ಮೊಕದ್ದಮೆಯನ್ನು ಕೇಳಿದ ಮೂವರು ನ್ಯಾಯಾಧೀಶರಲ್ಲಿ ಒಬ್ಬರು ಸರ್ ನಾರಾಯಣ ಗಣೇಶ ಚಂದಾವರಕರ್. ಇವರು ಉತ್ತರ ಕನ್ನಡದ ಹೊನ್ನಾವರದಲ್ಲಿ ಹುಟ್ಟಿದವರು, 1900ರಲ್ಲಿ ಲಾಹೋರಿನ ಕಾಂಗ್ರೆಸ್ಸಿಗೆ ಅಧ್ಯಕ್ಷರಾಗಿದ್ದವರು. ಅಂದಮೇಲೆ ರಂಗದ ಹಿನ್ನೆಲೆಯಲ್ಲಿ ಗುರ್ಲಹೊಸೂರಿನ ಪರಂಪರೆ, ನ್ಯಾಯಪೀಠದಲ್ಲಿ ಹೊನ್ನಾವರದ ಮಗ. 'ಅದು ನಮ್ಮ ಇತಿಹಾಸವಲ್ಲ' ಎಂದು ಕೈ ತೊಳೆದುಕೊಳ್ಳುವುದು ಅಷ್ಟು ಸುಲಭವಲ್ಲ.

ಗಲ್ಲಿಗೇರಿದ ಮೂವರ ದೇಹಗಳನ್ನು ಬಂಧುಗಳಿಗೆ ಒಪ್ಪಿಸಲಿಲ್ಲ; ಸೆರೆಮನೆಯ ಅಧಿಕಾರಿಗಳೇ ಸುಟ್ಟರು; ಬೂದಿಯನ್ನು ಕೂಡ ಕೊಡದೆ ಠಾಣೆಯ ಬಳಿ ಸಮುದ್ರಕ್ಕೆ ಚೆಲ್ಲಿಸಿದರು ಎಂದು ಬರೆದಿಟ್ಟಿದ್ದಾರೆ. ಹೀಗೇಕೆ ಮಾಡಿದರೆಂದು ಊಹಿಸುವುದು ಕಷ್ಟವಲ್ಲ. ಸಮಾಧಿ ಇದ್ದರೆ ಜನ ಹೂವು ತರುತ್ತಾರೆ; ಹೂವು ತಂದವರು ಕಥೆ ಹೇಳುತ್ತಾರೆ; ಕಥೆ ಕೇಳಿದವರಲ್ಲಿ ಇನ್ನೊಬ್ಬ ಅನಂತ ಎದ್ದುಬರಬಹುದು. ತಾಯಿಗೆ ಮಗನ ಅಸ್ಥಿಯನ್ನು ರಾಮಕುಂಡದಲ್ಲಿ ಬಿಡುವ ಸಮಾಧಾನವೂ ಇಲ್ಲದೆಹೋಯಿತು. ನಮ್ಮ ಎಷ್ಟೋ ಮನೆಗಳವರು ತಂದೆತಾಯಿಗಳ ಅಸ್ಥಿಯನ್ನು ಅದೇ ರಾಮಕುಂಡದಲ್ಲಿ ಗೋದಾವರಿಗೆ ಒಪ್ಪಿಸಿ ಬಂದಿದ್ದೇವೆ. ಆ ಸಮಾಧಾನ ಎಷ್ಟು ದೊಡ್ಡದೆಂದು ನಮಗೆ ಗೊತ್ತು.

ಇನ್ನು ಉಳಿದದ್ದೇನು? ಜ್ಯಾಕ್ಸನ್ ಸಾಹೇಬರಿಂದ ಪುಸ್ತಕಗಳು ಉಳಿದವು. ಅವರು ಸಂಗ್ರಹಿಸಿಟ್ಟಿದ್ದ ಜಾನಪದ ಸಾಮಗ್ರಿಯನ್ನು ಅವರ ಸ್ನೇಹಿತರಾದ ಎಂಥೋವನ್ ಎಂಬ ಅಧಿಕಾರಿಗಳು ಅಣಿಗೊಳಿಸಿ, ಗುಜರಾತಿನದನ್ನು 1914ರಲ್ಲಿ, ಕೊಂಕಣದದನ್ನು 1915ರಲ್ಲಿ, ಅಗಲಿದ ಜ್ಯಾಕ್ಸನ್ನರ ಹೆಸರನ್ನು ಮುಖಪುಟದಲ್ಲಿಟ್ಟೇ ಪ್ರಕಟಿಸಿದರು. ವಿದ್ವಾಂಸನಿಗೆ ಇದಕ್ಕಿಂತ ತಕ್ಕ ಸ್ಮಾರಕವಿಲ್ಲ. ಕೊಂಕಣದ ದೇವರು ದೆವ್ವಗಳ ಬಗ್ಗೆ ಸಂಶೋಧನೆ ಮಾಡುವವರು ಇಂದಿಗೂ ಆ ಸಂಪುಟಗಳನ್ನು ತೆರೆಯುತ್ತಾರೆ. ಅನಂತನಿಗೆ ಬೂದಿಯಿಲ್ಲ, ಸಮಾಧಿಯಿಲ್ಲ. ಸ್ವತಂತ್ರ ಭಾರತದ ನಾಸಿಕವು ಅವನಿಗೆ ಕೊಟ್ಟದ್ದು ಒಂದು ಬಯಲನ್ನು. ಅದೂ ಒಂದು ಕಾಲಕ್ಕೆ ಆಳುವವರು ಆಡುತ್ತಿದ್ದ ಆಟದ ಹೆಸರು ಹೊತ್ತ ಬಯಲನ್ನು. ಈ ಕಾಣಿಕೆಯ ಅರ್ಥ ನಮಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಸತ್ತವರ ಹೆಸರನ್ನು ಉಳಿಸುವ ಹಂಬಲ ಈ ಸೀಮೆಗೆ ಹೊಸತಲ್ಲ. ನಾಸಿಕದ ಪಾಂಡವಲೇಣಿ ಗುಹೆಗಳಲ್ಲಿ ಸಾತವಾಹನರ ರಾಜಮಾತೆ ಗೌತಮಿ ಬಲಶ್ರೀಯ ಶಾಸನವಿದೆ. ತೀರಿಹೋದ ಮಗ ಗೌತಮೀಪುತ್ರ ಶಾತಕರ್ಣಿಯ ಗುಣಗಳನ್ನು ಆಕೆ ಅಲ್ಲಿ ಉದ್ದಕ್ಕೂ ಹೊಗಳಿಸಿದ್ದಾಳೆ. ಅದು ರಾಜಶಾಸನವೆನ್ನುವುದಕ್ಕಿಂತ ಹೆತ್ತ ಕರುಳಿನ ಮಾತು. ನಮ್ಮ ನಾಡಿನಲ್ಲಂತೂ ಊರೂರಿಗೆ ವೀರಗಲ್ಲುಗಳು. ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು ಒಂದು ನಾಯಿಯ ನೆನಪಿನದು! ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದಲ್ಲಿ, ಸುಮಾರು ಕ್ರಿ.ಶ. 949-50ರಲ್ಲಿ, ಹಂದಿಯೊಡನೆ ಕಾದಾಡಿ ಮಡಿದ 'ಕಾಳಿ' ಎಂಬ ನಾಯಿಗಾಗಿ ನೆಟ್ಟದ್ದು. ಅದೇ ರಾಷ್ಟ್ರಕೂಟರ ಒಂದನೆಯ ಕೃಷ್ಣನೇ ಸಂಭಾಜಿನಗರದ ಪಕ್ಕದ ಎಲ್ಲೋರದಲ್ಲಿ ಕೈಲಾಸ ದೇವಾಲಯವನ್ನು ಕೊರೆಸಿದವನು. ಮೆಚ್ಚಿದ ಜೀವ ನಾಯಿಯಾದರೂ ಸರಿ, ಅದರ ಹೆಸರು ಮಣ್ಣಾಗಕೂಡದೆಂದು ನಮ್ಮ ಹಿಂದಿನವರು ಬಗೆದರು.

ಒಂದು ಹೆಸರಿನ ಮೇಲೆ ಇನ್ನೊಂದು ಹೆಸರು ಬರುವುದೂ ಇಲ್ಲಿಗೆ ಹೊಸತಲ್ಲ. 1906ರಲ್ಲಿ ನಾಸಿಕದ ಬಳಿಯ ಜೋಗಳಟೆಂಭಿಯಲ್ಲಿ ಕ್ಷತ್ರಪ ನಹಪಾನನ 13,000ಕ್ಕೂ ಹೆಚ್ಚು ಬೆಳ್ಳಿ ನಾಣ್ಯಗಳು ಸಿಕ್ಕಿದವು. ಅವುಗಳಲ್ಲಿ ಬಹುಪಾಲಿನ ಮೇಲೆ ಗೆದ್ದ ಗೌತಮೀಪುತ್ರನು ತನ್ನ ಮುದ್ರೆಯನ್ನು ಮತ್ತೆ ಒತ್ತಿಸಿದ್ದಾನೆ. ಆದರೂ ಕೆಳಗಿನ ನಹಪಾನನ ಗುರುತು ಪೂರ್ತಿ ಅಳಿಯಲಿಲ್ಲ. ಅತ್ತ 1610ರಲ್ಲಿ ಮಲಿಕ್ ಅಂಬರನು ಬೆಳೆಸಿದ ಖಡಕಿ ಎಂಬ ಊರು ಮುಂದೆ ಔರಂಗಾಬಾದ್ ಆಗಿ, 2023ರಲ್ಲಿ ಛತ್ರಪತಿ ಸಂಭಾಜಿನಗರವಾಯಿತು. ಅಂಬರನು ಆಫ್ರಿಕದಿಂದ ಗುಲಾಮನಾಗಿ ಬಂದ ಹಬಶಿ. ಅವನು ತೋಡಿಸಿದ ನೀರಿನ ಕಾಲುವೆಗೆ 'ನಹರೆ ಅಂಬರಿ' ಎಂಬ ಹೆಸರು ಉಳಿದಿದೆ. ಊರಿನ ಹೆಸರು ಏನೇ ಆಗಲಿ, ನೀರು ಕೊಟ್ಟವನನ್ನು ಜನ ಮರೆಯಲಿಲ್ಲ. ಗಾಲ್ಫ್ ಕ್ಲಬ್ ಮೈದಾನವೂ ಅಂಥದೇ ಒಂದು ಮರುಮುದ್ರೆಯ ನಾಣ್ಯ. ಮೇಲೆ ಕಾನ್ಹೇರೆ, ಕೆಳಗೆ ಗಾಲ್ಫ್. ಎರಡನ್ನೂ ಓದಬಲ್ಲವನಿಗೆ ಮಾತ್ರ ಇತಿಹಾಸ ಪೂರ್ತಿ ಸಿಗುತ್ತದೆ.

ಕಲ್ಲು ನೆಟ್ಟು ನೆನೆಯುವುದು ಒಂದು ಬಗೆ. ಆಟವಾಡಿ ನೆನೆಯುವುದು ಇನ್ನೊಂದು ಬಗೆ. 1933ರಲ್ಲಿ ತೀರಿಕೊಂಡ ರಣಜಿತ್‌ಸಿಂಹರ ನೆನಪಿಗೆ ಮರುವರ್ಷವೇ ರಣಜಿ ಪಂದ್ಯಾವಳಿ ಮೊದಲಾಯಿತು. ಅವರ ಸೋದರನ ಮಗ ದುಲೀಪರು 1959ರಲ್ಲಿ ತೀರಿಕೊಂಡ ಮೇಲೆ ದುಲೀಪ್ ಟ್ರೋಫಿ ಬಂದಿತು. 1973-74ರಲ್ಲಿ ಪ್ರಸನ್ನರ ನಾಯಕತ್ವದಲ್ಲಿ ಕರ್ನಾಟಕವು ಮುಂಬಯಿಯನ್ನು ಸೋಲಿಸಿ, ಅಂತಿಮ ಪಂದ್ಯದಲ್ಲಿ ರಾಜಸ್ಥಾನವನ್ನೂ ಸೋಲಿಸಿ ಮೊದಲ ಬಾರಿ ರಣಜಿ ಟ್ರೋಫಿ ಗೆದ್ದಾಗ ಮಹಾರಾಷ್ಟ್ರದಲ್ಲಿದ್ದ ಕನ್ನಡಿಗರು ಪಟ್ಟ ಹಿಗ್ಗನ್ನು ಹಿರಿಯರು ಇನ್ನೂ ಮರೆತಿಲ್ಲ. ಹಿಗ್ಗು ಸರಿ, ಆದರೆ ರಣಜಿ ಎಂಬುದು ಒಬ್ಬ ಮನುಷ್ಯನ ಹೆಸರೆಂದು ಆ ದಿನ ಎಷ್ಟು ಮಂದಿಗೆ ನೆನಪಾಗಿರಬಹುದು? ಸ್ಮಾರಕ ಪಂದ್ಯಗಳ ಬಲವೂ ಇದೇ, ದೌರ್ಬಲ್ಯವೂ ಇದೇ. ಹೆಸರು ಎಲ್ಲರ ಬಾಯಲ್ಲಿ ಉಳಿಯುತ್ತದೆ, ಹೆಸರಿನ ಹಿಂದಿನ ಮನುಷ್ಯ ಮಾತ್ರ ಜಾರಿಹೋಗುತ್ತಾನೆ.

ಹೊರದೇಶಗಳಲ್ಲಿ, ಅಗಲಿದ ಗೆಳೆಯನ ನೆನಪಿಗೆಂದು ಬಂಧುಮಿತ್ರರು ಒಂದು ದಿನ ಕೂಡಿ ಗಾಲ್ಫ್ ಆಡಿ, ಕೂಡಿದ ಹಣವನ್ನು ಒಳ್ಳೆಯ ಕೆಲಸಕ್ಕೆ ಕೊಡುವ ರೂಢಿಯಿದೆ. ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೊರಿ ಜನರಲ್ಲಿಯೂ ಗಾಲ್ಫ್ ಬಹು ಪ್ರಿಯವಾದ ಆಟ. 2005ರಲ್ಲಿ ಅಮೆರಿಕದ ಓಪನ್ ಪಂದ್ಯಾವಳಿ ಗೆದ್ದ ಮೈಕೇಲ್ ಕ್ಯಾಂಪ್‌ಬೆಲ್ ಮಾವೊರಿ ಮೂಲದವರು. ಅದೇ ದೇಶದಲ್ಲಿ ಗಾಲ್ಫ್ ಮೈದಾನವೊಂದು ನೋವಿನ ನೆಲವೂ ಆಗಿತ್ತು. ರಾಗ್ಲನ್ ಎಂಬಲ್ಲಿ ಎರಡನೆಯ ಮಹಾಯುದ್ಧದ ಕಾಲದಲ್ಲಿ ಸರಕಾರವು ವಿಮಾನ ಇಳಿದಾಣಕ್ಕೆಂದು ಮಾವೊರಿಗಳ ಭೂಮಿಯನ್ನು ವಶಪಡಿಸಿಕೊಂಡಿತು. ಯುದ್ಧ ಮುಗಿದ ಮೇಲೆ ಹಿಂದಿರುಗಿಸಲಿಲ್ಲ. ಹಿರಿಯರ ಸಮಾಧಿಗಳಿದ್ದ ಆ ನೆಲ ಗಾಲ್ಫ್ ಆಟದ ಬಯಲಾಯಿತು. ಈವಾ ರಿಕಾರ್ಡ್ ಎಂಬ ಮಾವೊರಿ ತಾಯಿ ತನ್ನ ಜನರನ್ನು ಕಟ್ಟಿಕೊಂಡು 1978ರಲ್ಲಿ ಆ ಮೈದಾನದಲ್ಲೇ ಸತ್ಯಾಗ್ರಹ ಮಾಡಿ ಬಂಧನಕ್ಕೊಳಗಾದಳು. ಮುಂದೆ 1980ರ ದಶಕದಲ್ಲಿ ಭೂಮಿ ಆ ಜನರಿಗೆ ಮರಳಿತು. ಅಲ್ಲಿ ಆಟವು ನೆನಪನ್ನು ಮುಚ್ಚಿತ್ತು, ಜನ ಹೋರಾಡಿ ನೆನಪನ್ನು ಮೇಲಕ್ಕೆ ತಂದರು. ನಾಸಿಕದಲ್ಲಿ ಆಟದ ನೆಲವೇ ನೆನಪಿಗೆ ಆಸರೆಯಾಯಿತು. ನೆಲ ತಾನಾಗಿ ಏನನ್ನೂ ನೆನಪಿಡುವುದಿಲ್ಲ. ನೆನಪಿಡಬೇಕಾದವರು ಅದರ ಮೇಲೆ ನಡೆದಾಡುವವರು.

ಈಗ ನಮ್ಮ ಮನೆಯ ಮಾತಿಗೆ ಬರೋಣ. ಹೊರನಾಡಿನಲ್ಲಿ ಕನ್ನಡಿಗರ ಬದುಕನ್ನು ಕಟ್ಟಿದವರು ಇತಿಹಾಸದ ಪುಸ್ತಕದಲ್ಲಿ ಸೇರುವವರಲ್ಲ. ಹೊಸದಾಗಿ ಬಂದಿಳಿದ ಹುಡುಗನಿಗೆ ಹೋಟೆಲಿನ ಗಲ್ಲೆಯಲ್ಲಿ ಕುಳಿತೇ ಊಟ ಹಾಕಿಸಿ ಬಾಡಿಗೆಯ ಖೋಲಿ ತೋರಿಸಿದ ರಾಯರು. ಕಾರ್ಖಾನೆಯ ಪಾಳಿ ಮುಗಿಸಿ ಬಂದು ರಾಜ್ಯೋತ್ಸವದ ನಾಟಕಕ್ಕೆ ಬಣ್ಣ ಹಚ್ಚುತ್ತಿದ್ದ ಮಾಸ್ತರರಂಥವರು. ರವಿವಾರ ಮಕ್ಕಳನ್ನು ಕೂಡಿಸಿಕೊಂಡು ಅ ಆ ಇ ಈ ತಿದ್ದಿಸಿದ ಅಮ್ಮಂದಿರು. ಇವರ ಹೆಸರು ಯಾವ ರಸ್ತೆಗೂ ಬರುವುದಿಲ್ಲ. ಅವರು ತೀರಿಕೊಂಡಾಗ ನಾವು ಭಾವಚಿತ್ರಕ್ಕೆ ಹಾರ ಹಾಕುತ್ತೇವೆ, ಎರಡು ನಿಮಿಷ ಮೌನ ಆಚರಿಸುತ್ತೇವೆ. ಮರುವರ್ಷ ಅವರ ಹೆಸರಿನಲ್ಲಿ ಒಂದು ಕ್ರಿಕೆಟ್ ಪಂದ್ಯವನ್ನೋ ಕೇರಂ ಸ್ಪರ್ಧೆಯನ್ನೋ ಇಡುತ್ತೇವೆ. ಮೂರನೆಯ ವರ್ಷ ಬಹುಮಾನದ ಬಟ್ಟಲಿನ ಮೇಲೆ ಹೆಸರಿರುತ್ತದೆ. ಗೆದ್ದ ಹುಡುಗನಿಗೆ ಅವರು ಯಾರೆಂದು ತಿಳಿದಿರುವುದಿಲ್ಲ. ಊರು ಬಿಟ್ಟವರಿಗೆ ಈ ನಷ್ಟ ಇಮ್ಮಡಿಯಾದುದು. ಹುಟ್ಟೂರಿನಲ್ಲಾದರೆ ಹಳೆಯ ಮನೆ, ಬಾವಿಕಟ್ಟೆ, ನೆರೆಹೊರೆಯವರು ಕಥೆಯನ್ನು ಕಾಯುತ್ತಾರೆ. ಇಲ್ಲಿ ಕಾಯುವವರು ನಾವೇ. ನಾವು ಮರೆತರೆ ಬೇರೆ ಸಾಕ್ಷಿಯಿಲ್ಲ.

ಆದ್ದರಿಂದ ನಮ್ಮ ಸೂಚನೆ ಬಹಳ ಸಣ್ಣದು. ಹಿರಿಯರ ಹೆಸರಿನಲ್ಲಿ ಪಂದ್ಯ ನಡೆಸುವಾಗ, ನಾಣ್ಯ ಚಿಮ್ಮುವ ಮೊದಲು ಹತ್ತು ನಿಮಿಷ ಅವರ ಕಥೆ ಹೇಳೋಣ. ಹೊಗಳಿಕೆಯ ಭಾಷಣ ಬೇಡ. ಅವರು ಯಾವ ಊರಿನಿಂದ ಬಂದರು, ಯಾವ ಕೆಲಸ ಮಾಡಿದರು, ಯಾರಿಗೆ ಆಸರೆಯಾದರು, ಯಾರೊಡನೆ ಜಗಳವಾಡಿದರು ಎಂಬುದನ್ನು ಇದ್ದದ್ದು ಇದ್ದಂತೆ ಹೇಳೋಣ. ಜ್ಯಾಕ್ಸನ್ ಪಂಡಿತರೂ ಹೌದು, ಪರಾಧೀನತೆಯ ಅಧಿಕಾರಿಯೂ ಹೌದು. ಅನಂತ ಹುತಾತ್ಮನೂ ಹೌದು, ತಾಯಿಯ ಕೈಗೆ ಬೂದಿಯೂ ಸಿಗದ ಹದಿನೆಂಟರ ಹುಡುಗನೂ ಹೌದು. ಪೂರ್ತಿ ಮನುಷ್ಯನನ್ನು ನೆನೆದರೆ ಮಾತ್ರ ನೆನಪು ಬಾಳುತ್ತದೆ.

ನಾಸಿಕದ ನಮ್ಮ ಓದುಗರು ಮುಂದಿನ ಸಲ ಮಕ್ಕಳನ್ನು ಗಾಲ್ಫ್ ಕ್ಲಬ್ಬಿಗೆ ಕರೆದುಕೊಂಡು ಹೋದಾಗ ಇನ್ನೊಂದು ಹೆಸರನ್ನೂ ಹೇಳಿಕೊಡಲಿ. ಸಂಭಾಜಿನಗರದ ಓದುಗರು, ಅನಂತ ಓದಿದ ಊರು ತಮ್ಮದೆಂದು ತಮ್ಮ ಮಕ್ಕಳಿಗೆ ತಿಳಿಸಲಿ. ಹಾಗೆಯೇ ಈ ಎರಡು ಊರುಗಳಲ್ಲಿ ಬಾಳಿ ಅಗಲಿದ ನಮ್ಮ ಹಿರಿಯ ಕನ್ನಡಿಗರ ವಿಚಾರವಾಗಿ ಒಂದು ಪುಟದಷ್ಟಾದರೂ ಬರೆದು ಪತ್ರಿಕೆಗೆ ಕಳುಹಿಸಿಕೊಡಬೇಕೆಂದು ಎಲ್ಲರಲ್ಲಿಯೂ ಕೋರುತ್ತೇವೆ. ಬಂದುದನ್ನು ತಿಂಗಳಿಗೊಂದರಂತೆ ಅಚ್ಚು ಮಾಡುವ ಹೊಣೆ ನಮ್ಮದು.